ಇಡೀ ತರಗತಿಗೆ ಒಂದೇ ಜೋಡಿ ಕಣ್ಣು

ಕ್ವಂಬೋಕ ಬಾಗಿಲಲ್ಲಿ ಬಂದು ನಿಂತಾಗ ಬೊಚಬೇರಿ ಮೇಡಂ ಸುಟ್ಟ ಜೋಳದ ತೆನೆ ಕಡಿಯುತ್ತಿದ್ದರು. ಬಂದವಳ ಕೈ, ಮುಖ, ತಲೆಗೆ ಕಟ್ಟಿದ ಬಟ್ಟೆಯ ಮೇಲೆಲ್ಲ ಬಳಪದ ಕಲ್ಲಿನ ಬಿಳಿ ಪುಡಿ ಮೆತ್ತಿಕೊಂಡಿತ್ತು. ಕಲ್ಲು ಕೆತ್ತುವ ಗುಡ್ಡದ ಕಡೆಯವಳು ಎಂದು ಮೇಡಂನ ಸಹಾಯಕ ಮೊಸೋಟಿಗೆ ನೋಡಿದ ಕೂಡಲೇ ತಿಳಿಯಿತು. ಅಳು ಮುಗಿಸಿಕೊಂಡೇ ಬಂದಿದ್ದಾಳೆ, ಈಗ ಉಳಿದಿರುವುದು ಸಿಟ್ಟು ಎಂಬುದೂ ತಿಳಿಯಿತು.

“ನನ್ನ ಮಗನ್ನ ಸ್ಕೂಲಿಂದ ಓಡಿಸ್ತಿದಾರೆ ಮೇಡಂ,” ಎಂದಳು. “ಸಂಜೆ ಮನೆಗೆ ಬರ್ತಾ ಹಳೇ ಕಲ್ಲಿನ ಗುಂಡಿಗೆ ಬಿದ್ದ. ತೊಡೆ ಮೂಳೆ ಮುರೀತು. ಅವನು ಕಳ್ಳಭಟ್ಟಿ ಕುಡಿದು ಬಿದ್ದ ಅಂತ ಹೆಡ್ಮಾಸ್ಟ್ರು ಊರಿಗೆಲ್ಲ ಹೇಳಿದಾರೆ. ಏಳನೇ ಕ್ಲಾಸಿನ ಹುಡುಗ ಮೇಡಂ! ಗಂಜಿ ಬಿಟ್ಟು ಬೇರೆ ಏನೂ ಕುಡಿದೋನಲ್ಲ ನನ್ನ ರತೆಮೊ.”

“ಮೊದಲು ಕೂತ್ಕೊಳ್ಳಮ್ಮ. ಮನೇಲೂ ಎಡವ್ತಾನಾ?”

ಕ್ವಂಬೋಕ ಬೆಚ್ಚಿದಳು. “ನಿಮಗೆ ಹೇಗೆ ಗೊತ್ತು? ಬಾಗಿಲ ಹೊಸ್ತಿಲೂ ಎಡವ್ತಾನೆ. ಆದರೆ ಹೋದ ತಿಂಗಳು ನರ್ಸು ಸ್ಕೂಲಿಗೆ ಬಂದು ಎಲ್ಲರ ಕಣ್ಣೂ ನೋಡಿದ್ಲು. ಇವನ ಕಣ್ಣು ಚೆನ್ನಾಗಿದೆ ಅಂದ್ಲು. ನಾಳೆ ಸ್ಕೂಲಿನ ಸಮಿತಿ ಸೇರುತ್ತೆ. ಹೆಸರು ಹೊಡೆದುಹಾಕಿದ್ರೆ ಆಯ್ತು, ಅವನಪ್ಪ ಸತ್ತ ಗುಂಡಿಗೇ ಇವನೂ ಕಲ್ಲು ಅಗೆಯೋಕೆ ಇಳೀಬೇಕು.”

ಕಿಸಿ ಪಟ್ಟಣದ ಆ ಒಂದು ಕೋಣೆಯ ಕಚೇರಿಗೆ ಮಕ್ಕಳ ತಪಾಸಣಾ ಕೇಂದ್ರ ಎಂದು ಹೆಸರು. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ತೊಂದರೆ ಕಣ್ಣಿನದೋ, ಕಿವಿಯದೋ, ಹಸಿವಿನದೋ, ಮನೆಯಲ್ಲಿ ಬೀಳುವ ಹೊಡೆತದ್ದೋ ಎಂದು ಕಂಡುಹಿಡಿದು, ನೆರವು ಸಿಗುವ ಕಡೆ ಮುಟ್ಟಿಸುವುದು ಅಲ್ಲಿನ ಕೆಲಸ. ಹತ್ತು ಶಾಲೆಯಲ್ಲಿ ಒಂಬತ್ತರವರು ಕಂಡುಹಿಡಿಯುವ ಗೋಜಿಗೇ ಹೋಗದೆ ‘ದಡ್ಡ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದನ್ನು ನೆನೆದರೇ ಮೇಡಂಗೆ ಮೈ ಉರಿಯುತ್ತಿತ್ತು. ಪೊಲೀಸರಿಗಿಂತ ನಮ್ಮ ಮೇಡಂಗೆ ಪತ್ತೇದಾರಿ ಚೆನ್ನಾಗಿ ಬರುತ್ತದೆ ಎಂದು ಸಹಾಯಕ ಮೊಸೋಟಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇವತ್ತೂ ಮೇಡಂ ಕೇಳುವ ಮೊದಲೇ ಅವನು ಜೀಪಿನ ಕೀಲಿ ತೆಗೆದುಕೊಂಡ.

ಮೊದಲು ಆಸ್ಪತ್ರೆಗೆ ಹೋದರು. ರತೆಮೊ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಮೇಡಂ ಮಂಚದ ಕಾಲ ಬಳಿ ನಿಂತು ಬೆರಳು ಎತ್ತಿ, “ಎಷ್ಟು?” ಎಂದರು. ಹುಡುಗ ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಕೊನೆಗೆ ಸೋತ. ತೋಳಳತೆಯ ಆಚೆಗೆ ಅವನಿಗೆ ಪ್ರಪಂಚ ಬರೀ ಮಬ್ಬು.

“ನರ್ಸಮ್ಮ ಕಣ್ಣಿನ ಚಾರ್ಟು ತೋರಿಸಿದಾಗ ಎಲ್ಲ ಸರಿ ಹೇಳಿದೆಯಂತಲ್ಲೋ ಮರಿ?”

ರತೆಮೊ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಒಳಗಿನಿಂದಲೇ, “ನಾನು ಹೇಳಿದ್ರೆ ಇಡೀ ಕ್ಲಾಸಿಗೆ ಏಟು ಬೀಳತ್ತೆ,” ಎಂದ.

ಮೊಸೋಟಿ ಇನ್ನೇನೋ ಕೇಳಲು ಹೋದ. ಮೇಡಂ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. “ಬೇಡ. ನಾವು ಜೀಪು ಹತ್ತಿ ಹೋಗ್ತೀವಿ, ಬೆತ್ತ ಅಲ್ಲೇ ಇರುತ್ತೆ. ಮಕ್ಕಳ ಬಾಯಿ ಬಿಡಿಸದೇನೇ ಕಳ್ಳನ್ನ ಹಿಡೀಬೇಕು.”

ಶಾಲೆ ಗುಡ್ಡದ ನೆತ್ತಿಯ ಮೇಲಿತ್ತು. ‘ವಿಭಾಗಕ್ಕೇ ಮೊದಲು’ ಎಂಬ ಬಟ್ಟೆ ಫಲಕ ಗೇಟಿಗೆ ಅಡ್ಡಲಾಗಿ ತೂಗುತ್ತಿತ್ತು. ಹೆಡ್ಮಾಸ್ತರ್ ಒಂಡೇರಿ ಹಾಡುಹಗಲೇ ಪರದೆ ಎಳೆದ ಕೋಣೆಯಲ್ಲಿ ಕೋಟು ಹಾಕಿಕೊಂಡು ಕೂತಿದ್ದರು. ಮೇಡಂ ಬಂದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಮುಂದೆ ನುಗ್ಗಿದ್ದ ಮೊಸೋಟಿಯತ್ತ ಕೈ ಚಾಚಿ, “ಬನ್ನಿ ಮೇಡಂ, ಬನ್ನಿ!” ಎಂದರು. ಮೂರು ದಿನದ ಗಡ್ಡ ಬಿಟ್ಟಿದ್ದ ಮೊಸೋಟಿಗೆ ಅವಮಾನವಾಯಿತು. ಬೊಚಬೇರಿ ಮಾತ್ರ ಹೊಟ್ಟೆ ಕುಲುಕಿಸಿ ನಕ್ಕು, “ಮೇಡಂ ಹಿಂದಿದಾರೆ ಮೇಷ್ಟ್ರೇ, ಅಷ್ಟು ಸಣ್ಣಗೂ ಇಲ್ಲ,” ಎಂದರು.

ಮೇಡಂ ತಂದಿದ್ದ ಇಲಾಖೆಯ ಪತ್ರವನ್ನು ಒಂಡೇರಿ ಕೈಗೆ ತೆಗೆದುಕೊಂಡವರೇ ಪಕ್ಕದಲ್ಲಿ ನಿಂತಿದ್ದ ಕ್ಲಾಸ್ ಟೀಚರ್ ಬಿಕುಂಡೊನತ್ತ ಎಸೆದರು. “ಓದಿ ಹೇಳಪ್ಪ. ಇಂಥವನ್ನ ಓದ್ತಾ ಕೂತರೆ ನಾನು ಶಾಲೆ ನಡೆಸಿದ ಹಾಗೇ.” ಆಮೇಲೆ ತಾವೇ ಚಹಾ ಬಗ್ಗಿಸಿ ಕೊಟ್ಟರು. ಹೆಬ್ಬೆರಳು ಲೋಟದ ಒಳಗೇ ಇತ್ತು. ಚಹಾ ಅದಕ್ಕೆ ತಾಗಿದ ಮೇಲೆಯೇ ಅವರು ಕೆಟಲ್ ಎತ್ತಿದ್ದು. ಮೊಸೋಟಿಗೆ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

“ನನ್ನ ಶಾಲೆಯಲ್ಲಿ ಕುಂದಿರೋ ಮಗು ಒಂದೂ ಇಲ್ಲ,” ಎಂದರು ಒಂಡೇರಿ. “ನರ್ಸೇ ನೋಡಿ ಹೋಗಿದಾಳೆ. ಆ ಹುಡುಗ ಪೋಲಿ. ಅಷ್ಟೇ.”

ನರ್ಸ್ ಮೊರಾ ಅಲ್ಲೇ ವರಾಂಡದಲ್ಲಿ ಪುಟ್ಟ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಳು. ಮದ್ದಿನ ಸೀಸೆಯ ಮೇಲಿನ ಚಿಕ್ಕ ಅಕ್ಷರಗಳನ್ನು ಓದಿ ಸಿರಿಂಜು ತುಂಬುತ್ತಲೇ ಉತ್ತರ ಕೊಟ್ಟಳು. “ನಾನು ಸುಳ್ಳು ಹೇಳಿಲ್ಲ ಮೇಡಂ. ಪಾಸಾಗೋಕೆ ಎಷ್ಟು ಸಾಲು ಬೇಕೋ ಅಷ್ಟನ್ನೂ ರತೆಮೊ ಸರಿಯಾಗೇ ಹೇಳಿದ.”

“ಚಾರ್ಟು ಯಾವಾಗಲೂ ನಿನ್ನ ಹತ್ತಿರಾನೇ ಇತ್ತಾ?”

“ಕಣ್ಣು ನೋಡೋಕೆ ಒಂದು ವಾರ ಮುಂಚೆ ಬಿಕುಂಡೊ ಮೇಷ್ಟ್ರ ಕೈಗೆ ಕೊಟ್ಟು ಹೋಗಿದ್ದೆ. ಅವರು ಹೆಡ್ಮಾಸ್ಟ್ರ ಕೋಣೇಲಿ ಇಟ್ಟಿದ್ರಂತೆ. ನನ್ನನ್ನ ಕರೆಸಿದ್ದೇ ಅವರು, ಬಿಕುಂಡೊ.”

ಹಾಗಾದರೆ ಚಾರ್ಟು ಕೈಗೆ ಸಿಕ್ಕಿದ್ದು ಇಬ್ಬರಿಗೇ. ಮೊಸೋಟಿಯ ಅನುಮಾನ ಆಗಲೇ ಬಿಕುಂಡೊನ ಮೇಲೆ ಕೂತಿತ್ತು. ಮಕ್ಕಳಿಗೆ ಕವಾಯತು ಹೇಳಿಕೊಡುವವನು ಅವನೇ. ಈಗ ವರಾಂಡದ ತುದಿಯಲ್ಲಿ ಕೂತು, ಒಂದು ಹುಡುಗಿಯ ಅಂಗೈಗೆ ಹೊಕ್ಕಿದ್ದ ಕೂದಲೆಳೆಯಂಥ ಕಲ್ಲಿನ ಚೂರನ್ನು ಪಿನ್ನಿನಿಂದ ತೆಗೆಯುತ್ತಿದ್ದ.

“ರತೆಮೊನ ಎಲ್ಲಿ ಕೂರಿಸ್ತಿದ್ರಿ?” ಎಂದು ಮೇಡಂ ಕೇಳಿದರು.

“ನಾನು ಮುಂದೆ ಕೂರಿಸಿದ್ದೆ,” ಎಂದ ಬಿಕುಂಡೊ ದನಿ ತಗ್ಗಿಸಿ. “ನಮ್ಮಲ್ಲಿ ಬೆಂಚು ಅಂಕದ ಪ್ರಕಾರ. ಜಾಣರು ಮುಂದೆ, ದಡ್ಡರು ಹಿಂದೆ. ಹೆಡ್ಮಾಸ್ಟ್ರು ಅವನನ್ನ ಕೊನೇ ಬೆಂಚಿಗೆ ಅಟ್ಟಿದ್ರು.”

“ಕಾಣದ ಮಗುವನ್ನ ಬೋರ್ಡಿಂದ ದೂರ ಕೂರಿಸಿ, ಅಂಕ ಬರಲ್ಲ ಅಂತ ಇನ್ನೂ ದೂರ ಕೂರಿಸೋದು!” ಮೇಡಂ ಹಲ್ಲು ಕಡಿದರು. “ಎಂಥಾ ಬುದ್ಧಿವಂತರಪ್ಪ.”

ಮೇಡಂ ಮೊರಾಳ ಚಾರ್ಟನ್ನು ವರಾಂಡದ ಗೋಡೆಗೆ ಹಾಕಿಸಿ, ಏಳನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ಅದು ಓದು ಬಾರದವರೂ ಹೇಳಬಹುದಾದ ಚಾರ್ಟು. ಬಾಚಣಿಗೆಯಂಥ ಮೂರು ಹಲ್ಲಿನ ಗುರುತುಗಳು, ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಿದರೆ ಸಾಕು. ಕೆಳಗೆ ಹೋದ ಹಾಗೆ ಗುರುತು ಚಿಕ್ಕದಾಗುತ್ತ, ಕೊನೆಯ ಸಾಲಿನಲ್ಲಿ ಜೋಳದ ಕಾಳಿಗಿಂತ ಸಣ್ಣದು. ಒಂದೊಂದು ಮಗುವೂ ಬಂದು ಪಟಪಟನೆ ಕೈ ಆಡಿಸಿ ಮೇಲಿನ ಸಾಲುಗಳನ್ನೆಲ್ಲ ಸರಿಯಾಗೇ ತೋರಿಸಿತು. ಕೊನೆಯ ಸಾಲಿಗೆ ಮಾತ್ರ ಎಡ, ಎಡ, ಮೇಲೆ, ಬಲ ಎಂದು ತೋರಿಸಿತು. ಹತ್ತಿರ ನಿಂತಿದ್ದ ಮೊಸೋಟಿಗೆ ಅಲ್ಲಿ ಕಾಣುತ್ತಿದ್ದದ್ದು ಬಲ, ಮೇಲೆ, ಎಡ, ಕೆಳಗೆ. ದೂರದ ನೀಲಗಿರಿ ಮರದ ತುದಿಯಲ್ಲಿ ಗೀಜಗನ ಗೂಡು ಎಣಿಸಬಲ್ಲ ಹುಡುಗನೂ ಹಾಗೇ ತಪ್ಪಿದ.

ಮೇಡಂ ಎರಡನೇ ಸಲ ಕರೆಸಿ, ಈ ಬಾರಿ ಕೋಲನ್ನು ಕೆಳಗಿನ ಸಾಲಿಂದ ಮೇಲಕ್ಕೆ ಒಯ್ದರು. ಮಕ್ಕಳು ಅದೇ ಮೇಲಿನ ಸಾಲಿನ ಉತ್ತರದಿಂದ ಶುರುಮಾಡಿದರು. ಕಣ್ಣು ಚಾರ್ಟಿನ ಮೇಲಿರಲಿಲ್ಲ. ಹೆಡ್ಮಾಸ್ತರ ಕೋಣೆಯ ಕಿಟಕಿಯ ಮೇಲಿತ್ತು.

“ಗೊತ್ತಾಯ್ತು ನಡಿ,” ಎಂದರು ಮೇಡಂ. ಮೊಸೋಟಿಗೆ ಏನೂ ಗೊತ್ತಾಗಿರಲಿಲ್ಲ. ದಾರಿಯುದ್ದಕ್ಕೂ ಕೇಳಿದರೂ ಅವರು ಬಾಯಿ ಬಿಡಲಿಲ್ಲ. ಸಿಟ್ಟು ಬಂದಾಗ ಅವರು ಹಾಗೆಯೇ.

ಮರುದಿನ ಸಮಿತಿ ಏಳನೇ ತರಗತಿಯ ಕೋಣೆಯಲ್ಲೇ ಸೇರಿತು. ಮಕ್ಕಳನ್ನು ಹೊರಗೆ ಮರದಡಿ ಕೂರಿಸಿದ್ದರು. ಅಧ್ಯಕ್ಷರಾದ ಮುದುಕ ಒಗೋಟಿ ಕೋಲೂರಿ ಕೂತರು. ಒಂಡೇರಿ, ಬಿಕುಂಡೊ, ಮೊರಾ ಒಂದು ಬೆಂಚಿನಲ್ಲಿ ಕೂತರು. ಕ್ವಂಬೋಕ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು.

“ತೀರ್ಮಾನಕ್ಕೆ ಮುಂಚೆ ಒಂದು ಆಟ,” ಎಂದು ಮೇಡಂ ಚಾರ್ಟು ತೆಗೆದರು. “ಒಬ್ಬೊಬ್ಬರಾಗಿ ಕೈಗೆ ತಗೊಂಡು ಕೊನೇ ಸಾಲು ನನ್ನ ಕಿವೀಲಿ ಹೇಳಿ. ಹಲ್ಲು ಯಾವ ಕಡೆ ಅಂದ್ರೆ ಸಾಕು.”

ಮೇಡಂಗೂ ಪಕ್ಕದಲ್ಲಿದ್ದ ಮೊಸೋಟಿಗೂ ಮಾತ್ರ ಕೇಳುವ ಹಾಗೆ ಮೊರಾ ಪಿಸುಗುಟ್ಟಿದಳು: ಬಲ, ಮೇಲೆ, ಎಡ, ಕೆಳಗೆ. ಬಿಕುಂಡೊ ಅದನ್ನೇ ಹೇಳಿದ. ದಿನವಿಡೀ ಕಲ್ಲಿನ ಮೇಲೆ ಸಣ್ಣ ಗೀರು ಹುಡುಕುವ ಕ್ವಂಬೋಕಳೂ ತಡವರಿಸದೆ ಅದನ್ನೇ ಹೇಳಿದಳು. ಒಗೋಟಿ ಚಾರ್ಟನ್ನು ಮೂಗಿಗೆ ತಂದು, “ನನಗೆ ಇರುವೆ ಸಾಲಿನ ಹಾಗೆ ಕಾಣುತ್ತೆ ಕಣಮ್ಮ, ವಯಸ್ಸಾಯ್ತು,” ಎಂದು ನಕ್ಕು ಮುಂದಕ್ಕೆ ಕೊಟ್ಟರು.

“ಇದೇನು ಮಕ್ಕಳಾಟ,” ಎಂದು ಒಂಡೇರಿ ಗೊಣಗಿದರು. ಆದರೆ ಎಲ್ಲರೂ ನೋಡುತ್ತಿದ್ದರು. ಚಾರ್ಟು ಹಿಡಿದು, ಗತ್ತಿನಿಂದ ಗಟ್ಟಿಯಾಗೇ ಹೇಳಿದರು: “ಎಡ, ಎಡ, ಮೇಲೆ, ಬಲ.”

ಮೊಸೋಟಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

“ನಿನ್ನೆ ಇಡೀ ಕ್ಲಾಸು ನನಗೆ ಹೇಳಿದ್ದೂ ಇದೇ ಮೇಷ್ಟ್ರೇ,” ಎಂದರು ಮೇಡಂ ನಿಧಾನವಾಗಿ. “ಕಣ್ಣು ಕೆಟ್ಟ ಮಕ್ಕಳು ಒಬ್ಬೊಬ್ಬರು ಒಂದೊಂದು ಥರ ತಪ್ತಾರೆ. ಇಡೀ ಕ್ಲಾಸು ಒಂದೇ ಥರ ತಪ್ಪಿದ್ರೆ ಅದು ಪಾಠ. ಕೋಲನ್ನ ಕೆಳಗಿಂದ ಶುರು ಮಾಡಿದೆ, ಅವರು ಮೇಲಿಂದ ಒಪ್ಪಿಸಿದ್ರು. ಬಾಯಿಪಾಠ ಅನ್ನೋದು ಅಲ್ಲಿಗೆ ಖಾತ್ರಿಯಾಯ್ತು. ಕಲಿಸಿದೋರು ಯಾರು? ದೊಡ್ಡ ಗುರುತು ಸರಿ ಕಲಿಸಿದಾರೆ, ಚಿಕ್ಕದನ್ನ ಊಹೆ ಮಾಡಿದಾರೆ. ಅಂದ್ರೆ ಕಲಿಸಿದೋರಿಗೇ ಕೊನೇ ಸಾಲು ಕಾಣಲ್ಲ.”

“ನರ್ಸಿನ ಚಾರ್ಟು ಬಿಕುಂಡೊನ ಕೈಲೇ ಇತ್ತಲ್ಲ!” ಎಂದರು ಒಂಡೇರಿ.

“ಇತ್ತು. ನನ್ನ ಮೊಸೋಟಿಗೂ ಅವರ ಮೇಲೇ ಅನುಮಾನ. ಆದರೆ ಅಂಗೈಯಿಂದ ಕೂದಲೆಳೆಯಂಥ ಚೂರು ತೆಗೆಯೋ ಕಣ್ಣು ಈ ಸಾಲು ತಪ್ಪುತ್ತಾ? ಸೀಸೆ ಓದೋ ಮೊರಾಳ ಕಣ್ಣೂ ಅಲ್ಲ. ನೀವು ಬೆಳಕು ಚುಚ್ಚುತ್ತೆ ಅಂತ ಪರದೆ ಎಳೀತೀರ. ಗಡ್ಡದವನನ್ನ ಮೇಡಂ ಅಂತೀರ. ಪತ್ರ ಬೇರೆಯವರ ಕೈಲಿ ಓದಿಸ್ತೀರ. ಲೋಟ ತುಂಬಿದ್ದು ನಿಮಗೆ ಹೇಳೋದು ಹೆಬ್ಬೆರಳು. ಕಣ್ಣಿಗೆ ಪೊರೆ ಬಂದಿದೆ ಮೇಷ್ಟ್ರೇ. ಅದೇನು ಪಾಪವಲ್ಲ. ಆಸ್ಪತ್ರೆಗೆ ಹೋದ್ರೆ ತೆಗೀತಾರೆ.”

ಒಂಡೇರಿ ಚಾರ್ಟನ್ನು ಕೆಳಗಿಟ್ಟರು. “ಪಕ್ಕದ ಊರಿನ ಶಾಲೇಲಿ ಆರು ಮಕ್ಕಳಿಗೆ ಕನ್ನಡಕ ಅಂತ ಬರೆದ್ರು. ಕುರುಡರ ಶಾಲೆ ಅಂತ ಹೆಸರು ಬಂತು. ಜನ ಮಕ್ಕಳನ್ನ ಬಿಡಿಸಿಕೊಂಡು ಹೋದ್ರು. ನಾನು ಈ ಶಾಲೆ ಕಟ್ಟಿದೋನು. ಒಂದು ಪರೀಕ್ಷೆ ದಾಟಿಸಿದೆ, ಅಷ್ಟೇ. ಯಾರಿಗೂ ಕೇಡು ಬಯಸಲಿಲ್ಲ.”

“ಬಯಸಲಿಲ್ವಾ?” ಮೇಡಂ ಮೇಜಿಗೆ ಗುದ್ದಿದರು. “ಹುಡುಗ ಬಿದ್ದ ಸುದ್ದಿ ಬಂದಾಗ ಯಾಕೆ ಬಿದ್ದ ಅಂತ ಈ ಗುಡ್ಡದ ಮೇಲೆ ಗೊತ್ತಿದ್ದೋರು ನೀವೊಬ್ಬರೇ! ಬಾಯಿ ಬಿಟ್ಟಿದ್ರೆ ನಿಮ್ಮ ಕಳ್ಳಾಟ ಹೊರಗೆ ಬರ್ತಿತ್ತು. ಅದಕ್ಕೆ ಕುಡುಕ ಅಂದ್ರಿ. ಮೂಳೆ ಮುರಿದ ಮಗುವಿನ ಮೇಲೆ ಕುಡುಕ ಅನ್ನೋ ಹೆಸರು ಹೊರಿಸಿ, ಬೀದಿಗೆ ದೂಡೋಕೆ ಹೊರಟಿರಿ.”

ಕ್ವಂಬೋಕ ಗೋಡೆ ಬಿಟ್ಟು ಮುಂದೆ ಬಂದಳು. ಹೊಡೆದೇ ಬಿಡುತ್ತಾಳೆ ಎಂದು ಮೊಸೋಟಿ ಅಂದುಕೊಂಡ. ಹೊಡೆಯಲಿ ಎಂದೂ ಅಂದುಕೊಂಡ. ಅವಳು ಹೊಡೆಯಲಿಲ್ಲ. “ನಿಮಗೆ ಕಾಣದೇ ಇದ್ದಾಗ ಓದಿ ಹೇಳೋಕೆ ಜನ ಇದ್ರು, ಕೈ ಹಿಡಿದು ನಡೆಸೋಕೆ ಜನ ಇದ್ರು,” ಎಂದಳು. “ನನ್ನ ಮಗ ನಿಮ್ಮ ಶಾಲೆಯಿಂದ ಒಬ್ಬನೇ ನಡ್ಕೊಂಡು ಬಂದ ಮೇಷ್ಟ್ರೇ. ಆ ಗುಂಡಿ ದಾರೀಲಿ. ಒಬ್ಬನೇ.”

ಒಗೋಟಿ ಕೋಲು ಕುಟ್ಟಿ, ರತೆಮೊನ ಹೆಸರು ಶಾಲೆಯಲ್ಲೇ ಇರುತ್ತದೆ, ಅವನು ಕುಡಿದಿರಲಿಲ್ಲ ಎಂದು ಊರ ಮುಂದೆ ತಾವೇ ಹೇಳುತ್ತೇವೆ ಎಂದರು. ಹೆಡ್ಮಾಸ್ತರ ವಿಷಯ ಇವತ್ತೇ ಇಲಾಖೆಗೆ ಹೋಗುತ್ತದೆ ಎಂದೂ ಹೇಳಿದರು. ಮೊರಾ ತಲೆ ತಗ್ಗಿಸಿ, ಹುಡುಗನ ಕನ್ನಡಕಕ್ಕೆ ತಾನೇ ಆಸ್ಪತ್ರೆಯ ಕಣ್ಣಿನ ಡಾಕ್ಟರರ ಹತ್ತಿರ ಹೋಗುತ್ತೇನೆ ಎಂದಳು. ಒಂಡೇರಿ ಎದ್ದು ಬಾಗಿಲ ಕಡೆ ಹೊರಟರು.

“ಎಲ್ಲಿಗೆ?” ಎಂದರು ಬೊಚಬೇರಿ. “ಕೂತ್ಕೊಳ್ಳಿ. ಕೆಲಸ ಇನ್ನೂ ಇದೆ.”

ಅವರು ಚೀಲದಿಂದ ಬೇರೊಂದು ಚಾರ್ಟು ತೆಗೆದು ಗೋಡೆಗೆ ಹಾಕಿಸಿದರು. ಮಕ್ಕಳು ಎಂದೂ ನೋಡಿರದ ಚಾರ್ಟು. ಬಿಕುಂಡೊ ಮರದಡಿಯಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಿದ. ಮೊದಲು ಬಂದವಳು ತೆಳ್ಳಗಿನ ಹುಡುಗಿ. ಮೇಡಂ ಕೋಲು ಮೂರನೇ ಸಾಲಿನ ಮೇಲಿಟ್ಟರು. ಹುಡುಗಿಯ ಕೈ ಅರ್ಧ ಎದ್ದು ನಿಂತಿತು. ಬಾಯಿಪಾಠ ಇಲ್ಲಿ ಹೊಂದುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬೆಂಚಿನ ಮೇಲಿದ್ದ ಹೆಡ್ಮಾಸ್ತರನ್ನು ನೋಡಿದಳು, ಚಾರ್ಟು ನೋಡಿದಳು, ಏಟು ಬೀಳುತ್ತದೆಂದು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

“ಕಾಣಲ್ಲ,” ಎಂದಳು.

ಏಟು ಬೀಳಲಿಲ್ಲ. ಮೇಡಂ ಅವಳ ತಲೆ ಸವರಿ ಈಚೆಗೆ ನಿಲ್ಲಿಸಿಕೊಂಡರು. ಸುದ್ದಿ ಮರದಡಿಗೆ ಹೇಗೆ ತಲುಪಿತೋ, ಆಮೇಲೆ ಬಂದವರು ಕಣ್ಣು ಮುಚ್ಚಿಕೊಳ್ಳಲಿಲ್ಲ. ಇನ್ನೊಬ್ಬ ಹುಡುಗ, “ನನಗೂ ಕಾಣಲ್ಲ,” ಎಂದ. ಆಮೇಲೆ ಮತ್ತೊಬ್ಬಳು.

“ಮೇಡಂ, ಸಾಕು, ನನ್ನನ್ನ ಬಿಡಿ,” ಎಂದರು ಒಂಡೇರಿ.

“ನಿಮಗೆ ಕಿವಿ ಚೆನ್ನಾಗಿದೆಯಲ್ಲ,” ಎಂದರು ಬೊಚಬೇರಿ, ಅವರತ್ತ ತಿರುಗದೇ. “ಕೇಳ್ತಾ ಕೂತ್ಕೊಳ್ಳಿ.” ಮತ್ತೆ ಬಾಗಿಲ ಕಡೆ ಕೂಗಿ ಮುಂದಿನ ಮಗುವನ್ನು ಕರೆದರು.