ಉಪ್ಪಿಲ್ಲದ ಎಂಚಿಲಾಡ

“ತುಂಬಾ ಚೆನ್ನಾಗಿದೆ” ಎಂದು ಅವನು ಅವಳನ್ನೇ ನೋಡುತ್ತ ಹೇಳಿದ. ಹೇಳಿ, ಎರಡನೆಯ ಎಂಚಿಲಾಡವನ್ನೂ ತಟ್ಟೆಗೆ ಹಾಕಿಕೊಂಡ.

ಅವಳ ಮನಸ್ಸು ಹೂವಾಯಿತು. ಆಗದೆ ಇರುತ್ತದೆಯೇ? ಅವನು ಮೊದಲ ಸಲ ಮನೆಗೆ ಊಟಕ್ಕೆ ಬಂದಿದ್ದ. ಮೆಕ್ಸಿಕೋದ ಆ ತಿನಿಸಿಗಾಗಿ ಬೆಳಿಗ್ಗೆಯಿಂದ ಅವಳು ಒಲೆ ಬಿಟ್ಟು ಕದಲಿರಲಿಲ್ಲ. ಕೋಳಿ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಬೆಣ್ಣೆ, ಮೈದಾ, ಹಾಲು, ಕ್ರೀಮು ಸೇರಿಸಿ ಗಂಟಾಗದಂತೆ ಸಾಸ್ ತಿರುವಿದ್ದಳು. ರೊಟ್ಟಿಗಳನ್ನು ಬಿಸಿ ಮಾಡಿ, ಕೋಳಿ ತುಂಬಿ ಬಿರಿಯದಂತೆ ಸುತ್ತಿ, ಮೇಲೆ ಸಾಸ್ ಸುರಿದು, ಚೀಸ್ ಉದುರಿಸಿ ಓವನ್ನಿಗಿಟ್ಟಿದ್ದಳು.

ಆಮೇಲೆ ತಾನೂ ಒಂದು ತುತ್ತು ಬಾಯಿಗಿಟ್ಟಳು...

ಉಪ್ಪೇ ಹಾಕಿರಲಿಲ್ಲ! ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವಳು, ಊರವರ ತಪ್ಪನ್ನೆಲ್ಲ ಹುಡುಕುವ ಮಹಾತಾಯಿ, ಉಪ್ಪನ್ನೇ ಮರೆತಿದ್ದಳು.

ಅದಕ್ಕಲ್ಲ ಅವಳಿಗೆ ನೋವಾದದ್ದು, ಅವನು ಸುಳ್ಳು ಹೊಗಳಿದ್ದಕ್ಕೆ. ಅಚ್ಚುಕೂಟದ ಲಿಫ್ಟಿನಲ್ಲಿ ಅವಳು ಸಿಕ್ಕಿಹಾಕಿಕೊಂಡ ದಿನ, ಮ್ಯಾನೇಜರು ಹೊರಗಿನಿಂದ ಎರಡೇ ನಿಮಿಷ ಎನ್ನುತ್ತಲೇ ಇದ್ದರು. ರಿಪೇರಿಗೆ ಬಂದ ಇವನು ಮಾತ್ರ, “ನಲವತ್ತು ನಿಮಿಷ ಆಗುತ್ತೆ ಮೇಡಂ, ಸುಳ್ಳು ಹೇಳಲ್ಲ” ಎಂದಿದ್ದ. ಅವಳು ಸೋತದ್ದು ಆ ಮಾತಿಗೆ. ಈಗ ಅವನೇ ಮದುವೆಯಾಗುತ್ತೀರಾ ಎಂದು ಕೇಳಿದ್ದ. ಭಾನುವಾರ ಅವಳು ಉತ್ತರ ಹೇಳಬೇಕಿತ್ತು.

ಹೊಗಳಿದ್ದಕ್ಕೆ ಯಾರಾದರೂ ಮುನಿಸಿಕೊಳ್ಳುತ್ತಾರೇನೇ ಎಂದು ಅಕ್ಕ ಫೋನಿನಲ್ಲಿ ಬೈದಳು.

“ಊಟದ ವಿಷಯಕ್ಕೇ ಸುಳ್ಳು ಹೇಳೋನು, ನಾಳೆ ಬದುಕಿನ ವಿಷಯಕ್ಕೆ ಏನು ಹೇಳ್ತಾನಕ್ಕ?”



ಭಾನುವಾರ ಮಧ್ಯಾಹ್ನ ಅವನು ಬಂದಾಗ ಅವಳು ಮತ್ತೆ ಅದೇ ಅಡುಗೆಗೆ ನಿಂತಿದ್ದಳು. ಈ ಸಲ ಬೇಕೆಂದೇ ಉಪ್ಪು ಹಾಕಿರಲಿಲ್ಲ. ಇವತ್ತೂ ಚೆನ್ನಾಗಿದೆ ಅಂದರೆ ಮುಗಿಯಿತು, ಎಲ್ಲಾ ಇಲ್ಲಿಗೇ... ಎಂದುಕೊಂಡಳು. ಅವನಿಗೆ ರೊಟ್ಟಿ ಸುತ್ತುವ ಕೆಲಸ ಕೊಟ್ಟಳು. ಅಷ್ಟರಲ್ಲಿ ಅಕ್ಕನ ಫೋನ್ ಬಂತೆಂದು ಹೊರಕೋಣೆಗೆ ಹೋದಳು.

ಮಾತಿನ ನಡುವೆ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದಳು. ಸಾಸ್ ತಳ ಹಿಡಿದು ಕರಕಲಾಗಿತ್ತು. ಒಲೆಗೆ ಬೆನ್ನು ಹಾಕಿ, ಎರಡೇ ಹೆಜ್ಜೆ ದೂರದಲ್ಲಿ, ಅವನು ನೆಮ್ಮದಿಯಾಗಿ ರೊಟ್ಟಿ ಸುತ್ತುತ್ತಿದ್ದ.

ಅವಳು ಒಲೆ ಆರಿಸಿದಳು. ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು.

“ನಿಮಗೆ ವಾಸನೆ ಬರ್ಲಿಲ್ವಾ?”

ಅವನು ತಲೆ ತಗ್ಗಿಸಿದ. “ಎರಡು ವರ್ಷದ ಹಿಂದೆ ಜೋರು ಜ್ವರ ಬಂತು. ಆವತ್ತಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ.”

“ಮತ್ತೆ ಚೆನ್ನಾಗಿದೆ ಅಂದ್ರಲ್ಲ...”

“ಮೆತ್ತಗಿತ್ತು. ಬಿಸಿಬಿಸಿ ಇತ್ತು. ಅಂಚಿನ ಚೀಸ್ ಗರಿಗರಿ ಅಂತಿತ್ತು. ಎದುರಿಗೆ ನೀವು ಕೂತಿದ್ರಿ. ಎರಡು ವರ್ಷದಲ್ಲಿ ನಾನು ತೃಪ್ತಿಯಾಗಿ ಉಂಡಿದ್ದು ಅವತ್ತೊಂದೇ ದಿನ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ರುಚಿ ಗೊತ್ತಾಗದವನಿಗೆ ಯಾರು ಇಷ್ಟು ಆಸೆಯಿಂದ ಅಡುಗೆ ಮಾಡುತ್ತಾರೆ, ಅದೇ ಭಯ ಎಂದ. ಅವಳೂ ಬೇಕೆಂದೇ ಉಪ್ಪು ಬಿಟ್ಟದ್ದನ್ನು ಒಪ್ಪಿಕೊಂಡಳು. ಪರೀಕ್ಷೆ ಮಾಡಲು ಹೊರಟ ತನ್ನ ಬುದ್ಧಿಗೆ ಅವಳಿಗೇ ನಾಚಿಕೆಯಾಗಿತ್ತು.

ಪಾತ್ರೆಯನ್ನು ಅವನು ತಿಕ್ಕಿದ. ಉಪ್ಪು ಹಾಕಿ ಹೊಸ ಸಾಸ್ ಅವಳು ಮಾಡಿದಳು. ಅಂಚು ಚೆನ್ನಾಗಿ ಗರಿಯಾಗಲೆಂದು ಓವನ್ನಿನಲ್ಲಿ ಐದು ನಿಮಿಷ ಹೆಚ್ಚೇ ಬಿಟ್ಟಳು.

ಇಬ್ಬರೂ ಊಟಕ್ಕೆ ಕೂತರು. ಅವನು ಮೊದಲ ತುತ್ತು ತಿನ್ನುವವರೆಗೂ ಅವಳು ಕಾದಳು.

“ಉಪ್ಪು ಸರಿಯಾಗಿದೆಯಾ?”

ಅವನು ಇನ್ನೊಂದು ತುತ್ತು ಅಗಿದು ನೋಡಿದ. “ಗೊತ್ತಿಲ್ಲ.”

ಅವಳು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಕಂದು ಬಣ್ಣಕ್ಕೆ ತಿರುಗಿದ್ದ ಮೂಲೆಯ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು.

“ಹಾಗಾದ್ರೆ... ನಾನು ಕೇಳಿದ್ದಕ್ಕೆ ಉತ್ತರ?” ಎಂದ ಅವನು, ಅಂಜುತ್ತ.

“ಇನ್ಮೇಲೆ ಉಪ್ಪು ನಾನೇ ನೋಡ್ತೀನಿ” ಎಂದಳು. “ದಿನಾಲೂ.”