ಆಲ್ಬಮ್ಮಿನ ಖಾಲಿ ಚೌಕ

ಕೆಟಲಿನ ಮುಚ್ಚಳ ಟಕಟಕ ಎಂದದ್ದು ಕೇಳಿ ನನಗೆ ಎಚ್ಚರವಾಯಿತು. ಇಷ್ಟು ಹೊತ್ತಿನಲ್ಲಿ ಯಾರಿಗೆ ಚಹಾ? ಯೋಚಿಸುವಷ್ಟರಲ್ಲಿ ಸದ್ದು ನಿಂತಿತು.

ಬೆಳಿಗ್ಗೆ ಮಾವ ಕೂಗಾಡುತ್ತಿದ್ದರು. ಅವರ ಆಲ್ಬಮ್ಮಿನಿಂದ ಒಂದು ಕಾರ್ಡು ಮಾಯವಾಗಿತ್ತು. ಹಿಂದೆ ಸಿಗರೇಟು ಪ್ಯಾಕಿನೊಳಗೆ ಜಾಹೀರಾತಿಗೆಂದು ಇಡುತ್ತಿದ್ದ, ರಂಗನಟಿಯರ ಚಿತ್ರದ ಕಾರ್ಡುಗಳು ಅವು. ಮಾವನ ತಂದೆ ಒಂದೊಂದನ್ನೂ ಹಿಟ್ಟಿನ ಅಂಟು ಹಚ್ಚಿ ಅಂಟಿಸಿದ್ದರು. ಹೋದದ್ದು ಬೀಸಣಿಗೆ ಹಿಡಿದ ನರ್ತಕಿಯದು. ಬಂದವರಿಗೆಲ್ಲ ಮಾವ ಅದನ್ನು ತೋರಿಸಿ, "ಇವಳ ಕಣ್ಣು ನೋಡೋಕೆ ಸೇದಿ ಸೇದಿ ಅರ್ಧ ಊರು ಕೆಮ್ತಿತ್ತು" ಎಂದು ನಗಿಸುತ್ತಿದ್ದರು. ಅತ್ತೆ ಚಹಾದ ತಟ್ಟೆ ಹಿಡಿದು ತಾವೂ ನಗುತ್ತಿದ್ದರು.

ಆಲ್ಬಮ್ ಕೊಳ್ಳಲು ಹಳೇ ವಸ್ತುಗಳ ವ್ಯಾಪಾರಿ ಅಂದೇ ಬರುವವನಿದ್ದ. ಮಾವ ಕೆಲಸದವಳ ಮೇಲೆ ಹರಿಹಾಯ್ದರು. ಕಪಾಟು ಒರೆಸುವವಳು ಅವಳೇ.

"ಅದನ್ನ ತಗೊಂಡು ನಾನೇನ್ ಮಾಡ್ಲಿ ಸಾರ್? ನಮ್ಮನೇಲಿ ಸೇದೋರೂ ಇಲ್ಲ."

ಮಾವ ಪೊಲೀಸರ ಹೆಸರೆತ್ತಿದರು. ಅವಳು ಕೈ ಒರೆಸಿಕೊಂಡು ಹೊರಟುಹೋದಳು.

*

ನನ್ನ ಮೊದಲ ಅನುಮಾನ ವ್ಯಾಪಾರಿಯ ಮೇಲೆ; ಹಿಂದಿನ ದಿನ ಅವನು ಬಂದು ಆಲ್ಬಮ್ ನೋಡಿ ಹೋಗಿದ್ದ. ಆದರೆ ಮಧ್ಯಾಹ್ನ ಬಂದ ಅವನು ಖಾಲಿ ಚೌಕ ಕಂಡದ್ದೇ ಆಲ್ಬಮ್ ಮುಚ್ಚಿಬಿಟ್ಟ. ಒಂದು ಕಡಿಮೆಯಾದರೂ ಅದು ಸೆಟ್ ಅಲ್ಲ, ತನಗೆ ಬೇಡ ಎಂದ. ತನ್ನ ವ್ಯಾಪಾರವನ್ನು ತಾನೇ ಕೆಡಿಸಿಕೊಳ್ಳುತ್ತಾನೆಯೇ?

ಪುಟವನ್ನು ಬೆಳಕಿಗೆ ಹಿಡಿದೆ. ಹರಿದಿರಲಿಲ್ಲ, ಕೆರೆದಿರಲಿಲ್ಲ. ಚೌಕದ ಸುತ್ತ ಕಾಗದ ಉಬ್ಬಿ ಸುಕ್ಕಾಗಿತ್ತು. ಹಿಟ್ಟಿನ ಅಂಟು ಹಬೆಗೆ ಬಿಟ್ಟುಕೊಳ್ಳುತ್ತದೆ. ರಾತ್ರಿಯ ಕೆಟಲು! ಕೆಲಸದವಳು ಸಂಜೆಯೇ ಮನೆಗೆ ಹೋಗಿದ್ದಳು. ರಾತ್ರಿ ಇದ್ದವರು ಮಾವ, ಅತ್ತೆ, ನಾನು. ಮಾವ ತಮ್ಮದನ್ನೇ ಕದಿಯುವವರಲ್ಲ.

*

ಅಡುಗೆಮನೆಯಲ್ಲಿ ಅತ್ತೆಯ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿತ್ತು.

"ಅತ್ತೆ, ಕಾರ್ಡ್ ಎಲ್ಲಿ?"

ಅವರು ಸಕ್ಕರೆ ಡಬ್ಬಿ ಸರಿಸಿದರು. "ನಮ್ಮಮ್ಮ ಕಣೇ ಅವಳು. ಬೇರೆ ಫೋಟೋನೇ ಇಲ್ಲ."

ಮಾವನನ್ನು ಕೇಳಬಹುದಿತ್ತಲ್ಲ ಎಂದೆ.

"ಇಷ್ಟು ವರ್ಷ ಜೊತೇಲಿ ನಕ್ಕಿದ್ದೀನಿ. ಈಗ ಯಾವ ಬಾಯಲ್ಲಿ ಹೇಳ್ಲಿ?"

ಡಬ್ಬಿಯ ಕೆಳಗೆ ಮಡಿಸಿದ ಬಟ್ಟೆ. ಕಾರ್ಡು ಒಣಗಲೆಂದು ಮುಖ ಕೆಳಗೆ ಮಾಡಿ ಒತ್ತಿಟ್ಟಿದ್ದರು. ಮೆಲ್ಲಗೆ ಬಿಡಿಸಿದೆ. ಹಬೆಗೆ ಮೆತ್ತಗಾಗಿದ್ದ ಬಣ್ಣವೆಲ್ಲ ಬಟ್ಟೆಗೇ ಹತ್ತಿಕೊಂಡಿತ್ತು. ಕಣ್ಣಿಲ್ಲ, ಬೀಸಣಿಗೆಯಿಲ್ಲ. ಹಿಂಬದಿಯಲ್ಲಿ ಸಿಗರೇಟಿನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಹಾಗೇ ಇತ್ತು.

ಅತ್ತೆ ಬಟ್ಟೆಯ ಮೇಲಿನ ಕಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

ಹಿಂಬಾಗಿಲಲ್ಲಿ ಸದ್ದಾಯಿತು. ಕೆಲಸದವಳು, ಮರೆತ ಕೊಡೆಗೆ ಬಂದಿದ್ದಳು.

"ಸಿಕ್ತಾ ಅಕ್ಕಾ? ಸಿಕ್ಕಿದ್ರೆ ಸಾರ್‌ಗೆ ಒಂದ್ ಮಾತು ಹೇಳಿ. ಪಕ್ಕದ ಮನೆಯವರೂ ನಾಳೆಯಿಂದ ಬರ್ಬೇಡ ಅಂದ್ರು."

ಅತ್ತೆ ಬಟ್ಟೆಯನ್ನು ಮುದುಡಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

ಕೊಡೆ ತಂದು ಅವಳ ಕೈಗೆ ಕೊಟ್ಟೆ. "ಇಲ್ಲ" ಎಂದೆ. ಇನ್ನು ಯಾರು ಕೇಳಿದರೂ ಇಷ್ಟೇ ಎಂದು ಆಗಲೇ ನಿರ್ಧರಿಸಿಬಿಟ್ಟಿದ್ದೆ.