ಎರಡನೇ ಮೌಲ್ಯಮಾಪಕ

“ಪಂಪಾವತಿ ಮೇಡಂ ತಿದ್ದಿದ ಪೇಪರ್‌ಗೆ ನಾನು ಎರಡನೇ ಮೌಲ್ಯಮಾಪಕ ಆಗಂಗಿಲ್ರಿ, ಸರ್.”

ಉಮಾಪತಿ ಹೇಳಿದ್ದು ವಿಭಾಗದ ಮುಖ್ಯಸ್ಥ ಶೇಖರ್ ಅವರಿಗೆ. ಬಾಗಿಲಲ್ಲಿ ನಿಂತಿದ್ದ ಪಂಪಾವತಿಗೂ ಅದು ಕೇಳಿಸಿತು.

ಬಳ್ಳಾರಿಯ ಈ ಕಾಲೇಜು ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ನೀರು ನಿರ್ವಹಣೆಯ ಪದವಿ ನೀಡುತ್ತದೆ. ಪ್ರತಿ ಉತ್ತರ ಪತ್ರಿಕೆಯನ್ನೂ ಇಲ್ಲಿ ಇಬ್ಬರು ತಿದ್ದಬೇಕು. ಆಮೇಲೆ ಅಲ್ಲಿಯವರು ಪರಿಶೀಲಿಸುತ್ತಾರೆ. ಎರಡನೆಯವರು ಹಿಂದೆ ಸರಿದರೆ ಮೊದಲನೆಯವರು ಕೊಟ್ಟ ಅಂಕಗಳ ಮೇಲೇ ಅನುಮಾನ.

ಸಂಜೆ ಸತ್ಯನಾರಾಯಣಪೇಟೆಯ ಮಿರ್ಚಿ ಬಂಡಿಯ ಹತ್ತಿರ ಉಮಾಪತಿ ಅವಳಿಗೆ ಸಿಕ್ಕ. ಇಳಿಬಿಸಿಲು ಎಣ್ಣೆಯ ಹೊಗೆಗೂ ಹೊನ್ನಿನ ಬಣ್ಣ ಬಳಿದಿತ್ತು.

“ನನ್ನ ಮರ್ಯಾದಿ ಸ್ಕಾಟ್ಲೆಂಡ್ ತನಕ ಕಳದ್ರಲ್ರಿ! ನಾನೇನು ಕಣ್ಣು ಮುಚ್ಚಿ ಮಾರ್ಕ್ಸ್ ಹಾಕ್ತೀನೇನು?”

“ಮುಚ್ಚಿದ್ದು ನನ್ನ ಕಣ್ಣು ರೀ.” ಅವನು ತಟ್ಟೆಯತ್ತ ನೋಡುತ್ತ ಹೇಳಿದ. “ಕಾಲುವಿ ನೀರಿನ ಪಾಳಿ ಬಗ್ಗೆ ಒಂದು ಉತ್ತರ ಇತ್ತಲ್ಲ, ನೀವು ನೂರಕ್ಕ ಎಪ್ಪತ್ತು ಹಾಕಿದ್ರಿ. ನನ್ನ ಪ್ರಕಾರ ಅದು ಐವತ್ತೈದು. ನಿಮ್ಮ ಅಕ್ಷರ ನೋಡಿದ ಮ್ಯಾಲ ಕೈ ಎಪ್ಪತ್ತಂತನ ಬರೀತು.”

“ಐವತ್ತೈದಾ? ಯಾಕಂತ?”

“ಬರೇ ಅನುಭವ ಐತಿ. ಆಧಾರ ಒಂದೂ ಕೊಟ್ಟಿಲ್ಲ.”

ಅವಳ ಊರಾದ ಹಚ್ಚೊಳ್ಳಿಯ ಭತ್ತದ ಗದ್ದೆ, ಪಾಳಿಗೆ ಕಾಯುತ್ತ ಕಾಲುವೆಯ ಏರಿಯ ಮೇಲೆ ಕೂತ ಅಪ್ಪ. ಆ ಉತ್ತರ ಓದುವಾಗ ಅವಳಿಗೆ ಕಂಡಿದ್ದು ಅದೇ.

“ನನಗ ನಮ್ಮೂರು ನೆನಪಾತ್ರಿ.”

“ನನಗ ನೀವು.”

ಗಾಳಿಗೆ ಕೆನ್ನೆಗಿಳಿದ ಕೂದಲನ್ನು ಹಿಂದೆ ಸರಿಸಲು ಅವಳಿಗೆ ಮರೆತೇ ಹೋಯಿತು.

“ಹುಡುಗರ ಹೆಸರು ಮುಚ್ಚಿ ಕೊಡ್ತಾರ,” ಎಂದ ಉಮಾಪತಿ ಮೆಲ್ಲಗೆ. “ನಿಮ್ಮ ಹೆಸರು ಮುಚ್ಚಂಗಿಲ್ಲಲ್ರಿ.”

“ಇಷ್ಟು ದಿನ ಬಾಯಿ ಬಿಡಾಕ ಏನಾಗಿತ್ತು ನಿಮಗ?”

ಉತ್ತರಕ್ಕೆ ಕಾಯದೆ ಅವಳು ಫೋನ್ ತೆಗೆದಳು.

“ಶೇಖರ್ ಸರ್, ಕಾಲುವಿ ಉತ್ತರದ ಪೇಪರ್ ಮೂರನೆಯವರಿಗೆ ಕೊಡ್ರಿ. ನಾನು ಹಾಕಿದ್ದೂ ತಪ್ಪು, ಉಮಾಪತಿಯವರು ಒಪ್ಪಿದ್ದೂ ತಪ್ಪು. ಇನ್ನ ಮ್ಯಾಲ ಅವರ ಪೇಪರ್‌ಗೂ ನನ್ನ ಹಾಕಬ್ಯಾಡ್ರಿ.”

“ಯಾಕಮ್ಮಾ, ಇಬ್ಬರೂ ಜಗಳ ಆಡಿದ್ರೇನು?”

“ಇಲ್ರಿ ಸರ್. ಮನಿ ಮಂದಿ ಜೋಡಿಯಾಗಿ ಪೇಪರ್ ತಿದ್ದಂಗಿಲ್ಲಂತ ರೂಲ್ ಐತಲ್ರಿ.”

ಉಮಾಪತಿಯ ಕೈಯ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು.

“ಯಾವಾಗಿಂದಮ್ಮಾ ಮನಿ ಮಂದಿ?”

ಪಂಪಾವತಿ ಅವನನ್ನೇ ನೋಡಿದಳು. ಈ ಸಲ ಇಬ್ಬರೂ ಕಣ್ಣು ತಪ್ಪಿಸಲಿಲ್ಲ.

“ಇಲ್ಲೇ ಅದಾರ್ರಿ ಸರ್. ಕೇಳಿ ಹೇಳ್ತೀನಿ.”